ಚೌಕಾಸಿ ಬಿಟ್ಟು ಹೊಳೆ ದಾಟಿದ್ದು

ಸೇತುವೆಯ ಈಚೆ

ನಾನು ವಿದೇಶ ಪ್ರವಾಸ ಮಾಡಿ ಬಂದವಳು. ನಗುವವರು ಮೊದಲು ನನ್ನ ವಾದ ಕೇಳಿ ಆಮೇಲೆ ನಗಬೇಕು. ಹಡಗು ಹತ್ತಲಿಲ್ಲ, ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ, ನಿಜ. ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ ಹರಿಹರದ ಸೇತುವೆ ದಾಟಿದೆ, ಅಷ್ಟೆ. ಈಗ ಹೊಳೆಯ ಎರಡೂ ದಡ ಒಂದೇ ರಾಜ್ಯ. ಆದರೆ ನಾನು ಹೋದಾಗ ನಮ್ಮ ದಡ ಮುಂಬಯಿ ರಾಜ್ಯದ್ದು, ಆಚೆ ದಡ ಮೈಸೂರಿನದು. ನಮ್ಮಲ್ಲಿ ತಾಲೂಕಿಗೆ ಮಾಮಲೇದಾರರು, ಅಲ್ಲಿ ಅಮಲ್ದಾರರು. ನಮ್ಮಲ್ಲಿ ಮನೆಗೆ ಬಂದವರಿಗೆ ಚಹಾ, ಅಲ್ಲಿ ಕಾಫಿ. ನಮ್ಮ ಸೇರಿಗೂ ಅವರ ಸೇರಿಗೂ ಹೊಂದಿಕೆಯಿಲ್ಲ. ನಾವು ಚುರಮರಿ ತಿಂದರೆ ಅವರು ಅದನ್ನೇ ಮಂಡಕ್ಕಿ ಎಂದು ತಿನ್ನುತ್ತಾರೆ. ಬೇರೆ ಸರಕಾರ, ಬೇರೆ ಅಳತೆ, ಬೇರೆ ಗಂಟಲು. ದೇಶ ಬೇರೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಈ ವಾದವನ್ನು ಬಸ್ಸಿನಲ್ಲಿ ಗಂಗತ್ತಿಯ ಮುಂದೆ ಮಂಡಿಸಿದೆ. ಗಂಗತ್ತಿ ನಮ್ಮ ಅಪ್ಪನ ಅಕ್ಕ. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನನ್ನ ನಾದಿನೀನ ಹರಿಹರಕ್ಕ ಕೊಟ್ಟು ಹನ್ನೆರಡು ವರ್ಷ ಆತು. ಹಂಗಾರ ಆಕಿ ವಿಲಾಯತಿ ಸೊಸಿ ಏನು? ಮುಂದ ಸರಕೊಂಡು ಕೂಡು, ನನ್ನ ಕಾಲು ಹಿಡದೈತಿ."

ಈ ಪ್ರವಾಸಕ್ಕೆ ಕಾರಣ ನನ್ನ ಬಾಯಿ. ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ವಿಷಯ ಬಂತು: ಕೊಳ್ಳುವವರಿಗೂ ಆತ್ಮಸಾಕ್ಷಿ ಬೇಕು. ನಾನು ವಿರೋಧವಾಗಿ ಮಾತಾಡಬೇಕೆಂದಿದ್ದೆ. ನನಗೆ ಆ ಮಾತಿನಲ್ಲಿ ನಂಬಿಕೆಯೇ ಇರಲಿಲ್ಲ. ಆದರೆ ಚೀಟಿ ಎತ್ತಿದಾಗ ಪರವಾಗಿ ಬಂತು. ಮಾತಾಡಿದೆ. ಮಾಡಿದವರ ಮುಖ ತಿಳಿಯದೆ ಕೊಂಡದ್ದು ಅರ್ಧ ಕದ್ದಂತೆ ಎಂದೆ. ದುಡಿದ ಕೈ ಕೇಳಿದ ಬೆಲೆಯನ್ನು ಕಡಿಮೆ ಮಾಡುವುದು ಆ ಕೈಯ ಬೆರಳು ಕತ್ತರಿಸಿದಂತೆ ಎಂದೆ. ಎದುರು ಪಕ್ಷದವರು ಕುಸಿದು ಕೂತರು. ಗೆದ್ದು ಊರಿಗೆ ಬಂದು ಗಿರಿಜಕ್ಕನ ಮುಂದೆ ಅದೇ ಭಾಷಣವನ್ನು ಕೈ ಆಡಿಸುತ್ತ ಇನ್ನೊಮ್ಮೆ ಮಾಡಿದೆ. ತಪ್ಪಾದದ್ದು ಅಲ್ಲಿ. ಅಕ್ಕ ನಂಬಿಬಿಟ್ಟಳು.

ಅಕ್ಕನಿಗೆ ಆಗಲೇ ಬರುವ ಸೋಮವಾರಕ್ಕೆ ಲಗ್ನ ಗೊತ್ತಾಗಿತ್ತು. ಅಪ್ಪನದು ಅರಿವೆ ಅಂಗಡಿ. ಗೋಡೆಯುದ್ದಕ್ಕೂ ಗಿರಣಿ ಬಟ್ಟೆಯ ಥಾನು, ಅದರಲ್ಲಿ ಅರ್ಧ ದಾವಣಗೆರೆಯ ಗಿರಣಿಗಳದೇ. ಆ ಅಂಗಡಿಯ ಮಗಳು ಊಟಕ್ಕೆ ಕೂತಾಗ ಹೇಳಿದಳು: "ನೇಯ್ದವರು ಯಾರಂತ ಗೊತ್ತಿಲ್ಲದ ಸೀರಿ ಉಟ್ಟು ನಾನು ಲಗ್ನದ ಹಸಿಗೆ ಕೂಡಂಗಿಲ್ಲ."

ಅಪ್ಪ ಅಕ್ಕನ ಮೇಲೆ ಸಿಟ್ಟಾಗಲಿಲ್ಲ, ನನ್ನ ಕಡೆ ತಿರುಗಿದ. "ಭಾಷಣ ನಿಂದಲ್ಲ? ಹಂಗಾರ ಮಾಡಿ ತೋರ್ಸು. ಹಸಿಗೆ ಹೊಸ ಕರಿ ಕಂಬಳಿ ಬೇಕು. ನಿನ್ನ ಭಾಷಣದಾಗ ಇದ್ದಂಗ ಕೊಂಡು ತಾ. ಮಾಡಿದವರ ಕೈಯಿಂದಾನ ತರಬೇಕು, ಅವರು ಹೇಳಿದ ಬೆಲಿ ಕೊಡಬೇಕು, ಚೌಕಾಸಿ ಮಾಡಬಾರದು, ಮಾಡಿದವರ ಹಕೀಕತ್ತು ಪೂರಾ ತಿಳಕೊಂಡು ಬರಬೇಕು. ದಾರಿಯಾಗ ನೀನೂ ಅದ ಪ್ರಕಾರ ಇರಬೇಕು. ತಂದ್ರ ಗಿರಿಜಾನ ಲಗ್ನ ಆಕಿ ಮನಸ್ಸಿನಂಗ. ತರಲಿಲ್ಲಂದ್ರ ನಾ ಹೇಳಿದ ಸೀರಿ, ನಾ ಹೇಳಿದ ಪೆಂಡಾಲು, ನಾ ಹೇಳಿದ ಓಲಗ."

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಚೂರೂ ಅನುಮಾನ ಇರಲಿಲ್ಲ. ಅನುಮಾನಪಡುವುದೇ ಕಸುಬಾದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಸಾಕ್ಷಿಗೆಂದು ಗಂಗತ್ತಿಯನ್ನು ಜೊತೆಗೆ ಕಳಿಸಿದರು. ಇದು ಅಪ್ಪನ ಕ್ರೌರ್ಯ. ರಾಣೆಬೆನ್ನೂರಿನ ಸಂತೆಯಲ್ಲಿ ಗಂಗತ್ತಿ ಬರುವುದನ್ನು ಕಂಡರೆ ಬದನೆಕಾಯಿಯವರು ಬುಟ್ಟಿ ಮುಚ್ಚುತ್ತಾರೆ. ಚೌಕಾಸಿ ಆಕೆಗೆ ಊಟದ ಮೇಲಿನ ಎಲೆ ಅಡಿಕೆ ಇದ್ದ ಹಾಗೆ. ಅಂಥವಳಿಗೆ ಅಪ್ಪ ಒಂದೇ ಅಪ್ಪಣೆ ಕೊಟ್ಟ: ಇಡೀ ಪ್ರವಾಸದಲ್ಲಿ ಬೆಲೆಯ ಬಗ್ಗೆ ಬಾಯಿ ಬಿಡಬಾರದು.

ನಾನು ಒಂದು ಹಾಳೆಯಲ್ಲಿ ಮಾಡಿದವರಿಗೆ ಕೇಳಲು ಒಂಬತ್ತು ಪ್ರಶ್ನೆ ಬರೆದುಕೊಂಡೆ. ಗಂಗತ್ತಿ ಚೀಲಕ್ಕೆ ಹತ್ತು ರೊಟ್ಟಿ ಇಟ್ಟುಕೊಂಡಳು. ವಿದೇಶಕ್ಕೆ ಹೊರಟೆವು.

ಸೇತುವೆ

ಬಸ್ಸಿನ ಗಾಲಿ ಸರಿಯಾಗಿ ಸೇತುವೆಯ ತುದಿಯಲ್ಲಿ ಉಸಿರು ಬಿಟ್ಟಿತು. ಡ್ರೈವರ್ ಇಳಿದು ಗಾಲಿಗೆ ಒಂದು ಒದೆ ಕೊಟ್ಟ, ಬೀಡಿ ಹಚ್ಚಿದ. ಪರದೇಶಕ್ಕೆ ಕಾಲುನಡಿಗೆಯಲ್ಲೇ ಪ್ರವೇಶಿಸಬೇಕು, ಹಾಗೆ ಹೋದರೇ ಗೌರವ ಎಂದು ನಾನು ಸಾಧಿಸಿ ಗಂಗತ್ತಿಯನ್ನು ಇಳಿಸಿದೆ. ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ತನ್ನ ಪಾಡಿಗೆ ಹರಿಯುತ್ತಿದ್ದಳು. ನೀರಿಗೆ ಯಾವ ರಾಜ್ಯದ ಪರಿವೆಯೂ ಇರಲಿಲ್ಲ. ಆಚೆ ದಡದ ಅಗಸರು ಬಟ್ಟೆ ಒಗೆದು ಬಿಟ್ಟ ನೊರೆ ಮೈಸೂರಿನಿಂದ ಮುಂಬಯಿ ರಾಜ್ಯಕ್ಕೆ ಪರವಾನಗಿಯಿಲ್ಲದೆ ತೇಲಿ ಬರುತ್ತಿತ್ತು.

ಆಚೆ ತುದಿಯ ಸುಂಕದ ನಾಕಾದಲ್ಲಿ ಒಬ್ಬ ಗುಮಾಸ್ತ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂತಿದ್ದ.

"ಏನ್ ಸಾಮಾನು ಐತಮ್ಮ ಚೀಲದಾಗೆ?"

"ರೊಟ್ಟಿ. ಒಂಬತ್ತು ಪ್ರಶ್ನೆ."

ಅವನು ಹಾಳೆ ಇಸಿದುಕೊಂಡು ಗಂಭೀರವಾಗಿ ಓದಿದ. 'ಈ ವಸ್ತುವನ್ನು ಮಾಡುವಾಗ ನಿಮಗೆ ದುಃಖವಾಗಿತ್ತೇ?' ಎಂಬ ಐದನೆಯ ಪ್ರಶ್ನೆಗೆ ಬಂದಾಗ ಕುರ್ಚಿಯ ಮುಂಗಾಲುಗಳು ನೆಲಕ್ಕೆ ಬಂದವು.

"ಇದಕ್ಕೆ ಸುಂಕ ಇಲ್ಲ. ಹೋಗ್ರಿ," ಎಂದು ಹಾಳೆ ಮಡಚಿ ಕೊಟ್ಟ.

ಹರಿಹರ

ವಿದೇಶದ ಮೊದಲ ಕಾಫಿ ಕುಡಿಯೋಣ ಎಂದು ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೊಕ್ಕೆವು. ದಾರಿಯಲ್ಲೂ ನಿಯಮ ಪಾಲಿಸಬೇಕಲ್ಲ, ಗಲ್ಲೆಯ ಮೇಲೆ ಕೂತಿದ್ದ ಮಾಲೀಕರನ್ನು ಕೇಳಿದೆ: "ಹಾಲು ಯಾರ ಮನೆಯದು? ಕರುವಿಗೆ ಬಿಟ್ಟು ಆಮೇಲೆ ಕರೆದದ್ದೋ, ಹೇಗೆ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಕರು ಕುಡಿದೈತೋ ಇಲ್ವೋ ನಾ ಕಾಣೆನಮ್ಮ. ಹಾಲು ಮಾತ್ರ ಹೊಟ್ಟೆ ತುಂಬ ನೀರು ಕುಡಿದೈತೆ, ಅಷ್ಟು ಬರೆದು ಕೊಡ್ತೀನಿ."

ಮೇಜುಗಳ ಮೇಲಿನ ಲೋಟಗಳು ಕುಣಿಯುವಷ್ಟು ನಗೆ. ಮೂಲೆಯಲ್ಲಿ ಕೂತಿದ್ದ ಪೇಟದ ಹಿರಿಯರೊಬ್ಬರು ನನ್ನ ಪರ ವಹಿಸಿ, ಹುಡುಗಿ ಕೇಳಿದ್ದು ಧರ್ಮದ ಮಾತು ಎಂದರು. ಪಕ್ಕದವರು, ಧರ್ಮ ಕೇಳುವವರು ಹೋಟೆಲಿಗೆ ಯಾಕೆ ಬರಬೇಕು ಎಂದರು. ಎರಡು ಪಕ್ಷವಾಯಿತು. ನನಗೆ ಕಾಲೇಜಿನ ಸಭಾಂಗಣಕ್ಕೆ ಬಂದಷ್ಟು ಖುಷಿ. ಆದರೆ ಕಾಫಿಯ ಹಕೀಕತ್ತು ತಿಳಿಯಲಿಲ್ಲವಾದ್ದರಿಂದ ನಾನು ನೀರು ಕುಡಿದೆ. ಗಂಗತ್ತಿ ಎರಡು ಕಾಫಿ ಕುಡಿದಳು. ಒಂದು ತನಗೆ, ಇನ್ನೊಂದು, ಅವಳೇ ಹೇಳಿದಂತೆ, ನನ್ನ ಆತ್ಮಸಾಕ್ಷಿಯ ಹೆಸರಿನಲ್ಲಿ.

ಹರಿಹರೇಶ್ವರನ ಗುಡಿಗೂ ಹೋದೆವು. ದೇವರ ವಿಚಾರದಲ್ಲಿ ನನ್ನ ತಕರಾರುಗಳು ಬಹಳ, ಆದರೆ ಈ ದೇವರು ನನಗೆ ಹಿಡಿಸಿದ. ಒಂದೇ ಮೈ, ಅರ್ಧ ಹರಿ, ಅರ್ಧ ಹರ. ಪರ ವಿರೋಧ ಎರಡೂ ಒಂದೇ ಪೀಠದ ಮೇಲೆ ಜಗಳವಿಲ್ಲದೆ ನಿಂತಿವೆ. ಇಂಥವನು ನಮ್ಮ ಚರ್ಚಾಕೂಟಕ್ಕೆ ಬಂದರೆ ಚೀಟಿ ಎತ್ತುವ ಗೊಡವೆಯೇ ಇರುವುದಿಲ್ಲ ಎಂದೆ. ಗಂಗತ್ತಿ ನನ್ನ ತಲೆಯನ್ನು ಹಿಡಿದು ಬಗ್ಗಿಸಿ ನಮಸ್ಕಾರ ಮಾಡಿಸಿದಳು.

ದಾವಣಗೆರೆ, ಮಂಡಕ್ಕಿ ಭಟ್ಟಿ

ದಾವಣಗೆರೆ ದೂರದಿಂದಲೇ ಹೊಗೆಯಲ್ಲಿ ಕಾಣುತ್ತದೆ. ಗಿರಣಿಯ ಎತ್ತರದ ಚಿಮಣಿಗಳದು ಒಂದು ಹೊಗೆ, ಮಂಡಕ್ಕಿ ಭಟ್ಟಿಗಳದು ಇನ್ನೊಂದು. ಎರಡನೆಯದಕ್ಕೆ ಹಸಿವಾಗುವ ವಾಸನೆ. ಬೆಳಗಿನಿಂದ ರೊಟ್ಟಿಯ ಮೇಲೇ ಇದ್ದ ನಾನು ವಾಸನೆ ಹಿಡಿದು ಒಂದು ಭಟ್ಟಿಯ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟನೆ ಅರಳುತ್ತಿತ್ತು. ನಾಲ್ಕೈದು ಹೆಂಗಸರು ಜರಡಿ ಹಿಡಿಯುತ್ತಿದ್ದರು, ತಲೆಗೂದಲೆಲ್ಲ ಬೂದಿ.

ಕೊಳ್ಳುವ ಮೊದಲು ಪ್ರಶ್ನೆ. ಹಾಳೆ ತೆಗೆದೆ. "ನೀವು ಈ ಕೆಲಸವನ್ನು ಮನಸ್ಸಿನಿಂದ ಮಾಡುತ್ತೀರಾ?"

ಜರಡಿ ನಿಂತಿತು. ಅವರಲ್ಲಿ ಗಟ್ಟಿಗಿತ್ತಿಯಂತಿದ್ದವಳು ಸೊಂಟದ ಮೇಲೆ ಕೈಯಿಟ್ಟಳು. "ಮನಸ್ಸಿಂದ ಮಾಡಿದ್ರೆ ಮಂಡಕ್ಕಿ ಅರಳಲ್ಲ ಕಣವ್ವ. ಬೆಂಕಿಯಿಂದ ಅರಳತೈತೆ."

ಮತ್ತೊಬ್ಬಳು ಕೇಳಿದಳು: "ನೀ ಯಾರ ಪೈಕಿ? ಸರ್ಕಾರದೋಳಾ, ಇಲ್ಲ ಲಗ್ನ ಕುದುರಿಸೋಳಾ?"

"ವಿದ್ಯಾರ್ಥಿನಿ."

"ಓದೋ ಹುಡುಗಿಯಾ! ಲಗ್ನ ಆಗೈತಾ? ಯಾಕ ಆಗಿಲ್ಲ? ಮುಖ ಯಾಕ ಹಿಂಗೆ ಬಾಡೈತೆ? ಉಂಡಿಲ್ವಾ? ಈ ಯಮ್ಮ ನಿನಗೆ ಅತ್ತೆಯಾ? ಉಣ್ಣಾಕೆ ಹಾಕಲ್ವಾ?"

ನಾನು ಕೇಳಿದ್ದು ಒಂದು ಪ್ರಶ್ನೆ, ಉತ್ತರ ಕೊಟ್ಟದ್ದು ಹದಿನಾಲ್ಕಕ್ಕೆ. ಕೊನೆಗೆ ಆ ಗಟ್ಟಿಗಿತ್ತಿ ಬಿಸಿಬಿಸಿ ಮಂಡಕ್ಕಿಯನ್ನು ಮೊರದಲ್ಲಿ ತುಂಬಿ ತಂದು ನನ್ನ ಸೆರಗಿಗೆ ಸುರಿದಳು. ಬೆಲೆ ಹೇಳಿ ಎಂದರೆ ಹೇಳಲೊಲ್ಲಳು. ನಾನು ಧರ್ಮಸಂಕಟದಲ್ಲಿ ಸಾಕ್ಷಿಯನ್ನು ನೋಡಿದೆ.

ಗಂಗತ್ತಿ ತೀರ್ಪು ಕೊಟ್ಟಳು: "ನಿಯಮ ಕೊಂಡದ್ದಕ್ಕ. ಕೊಟ್ಟದ್ದಕ್ಕಲ್ಲ. ತಿನ್ನು."

ತೀರ್ಪು ಪೂರ್ತಿ ಹೊರಬೀಳುವಷ್ಟರಲ್ಲಿ ಅರ್ಧ ಸೆರಗು ಖಾಲಿಯಾಗಿತ್ತು.

ಕಂಬಳಿ ಓಣಿ

ಕಂಬಳಿ ನೇಯುವವರ ಓಣಿಯನ್ನು ಹುಡುಕಬೇಕಾಗಲಿಲ್ಲ. ಹುಣಸೆ ಬೀಜದ ಗಂಜಿಯ ಹುಳಿ ವಾಸನೆ ಬರುವ ಕಡೆ ನಡೆದರೆ ಸಾಕು. ಓಣಿಯ ಉದ್ದಕ್ಕೂ ಕರಿ ನೂಲಿನ ಹಾಸು ಎಳೆದು ಕಟ್ಟಿ, ಗಂಜಿ ಸವರಿ ಬಿಸಿಲಿಗೆ ಬಿಟ್ಟಿದ್ದರು. ನಡೆಯುವವರು ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ಪಕ್ಕಕ್ಕೆ ನಡೆಯಬೇಕು. ನಾನು ಹಾಗೆ ನಡೆಯಲು ಹೋಗಿ ಪಕ್ಕದಲ್ಲಿದ್ದ ಗಂಜಿಯ ಗಡಿಗೆಗೆ ಒಂದು ಕಾಲು ಇಟ್ಟೆ. ಆ ಕಾಲು ಸಂಜೆಯವರೆಗೆ ಕಟ್ಟಿಗೆಯಂತೆ ಬಿರುಸಾಗಿತ್ತು.

ಮೂರನೆಯ ಮನೆಯ ಜಗಲಿಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಹೆಸರು ಮಾಳಮ್ಮ. ಒಳಗೆ ಅವಳ ಗಂಡ ಬೀರಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ. ಅವಳು ನೂಲುತ್ತಾಳೆ, ಅವನು ನೇಯುತ್ತಾನೆ, ಮಾರುವುದು ಅವಳೇ. ಮಾಡಿದವರ ಕೈಯಿಂದಲೇ ಕೊಳ್ಳಬೇಕೆಂದರೆ ಇದಕ್ಕಿಂತ ಬೇಕೆ?

"ಬರ್ರಿ, ಕೂಡ್ರಿ. ಎಲ್ಲಿಂದ ಬಂದಿರಿ?" ಎಂದು ಚಾಪೆ ಹಾಸಿದಳು. ಕಂಬಳಿ ಬಿಚ್ಚಿದಳು. ಕಡುಗಪ್ಪು, ಅಂಚಿಗೆ ಬಿಳಿಯ ಒಂದೇ ಗೆರೆ. ನಾನು ಪ್ರಶ್ನೆಯ ಹಾಳೆ ತೆಗೆದೆ. "ಈ ಉಣ್ಣೆ ಯಾವ ಕುರಿಯದು?" ಎಂದೆ. "ಕುರೀದೇ ಕಣವ್ವ," ಎಂದಳು. "ಎಷ್ಟು ದಿನದ ಕೆಲಸ?" "ಆದಷ್ಟು ದಿನದ್ದು." ನ್ಯಾಯಾಲಯದಲ್ಲಿ ನಿಂತವಳಂತೆ ಅವಳು ಅಳೆದು ಅಳೆದು ಮಾತಾಡುತ್ತಿದ್ದಳು. ಹೋಗಲಿ, ಮೊದಲು ವ್ಯಾಪಾರ ಮುಗಿಯಲಿ ಎಂದು ಬೆಲೆ ಕೇಳಿದೆ. ಹೇಳಿದಳು.

ಪಕ್ಕದಲ್ಲಿ ಗಂಗತ್ತಿಯ ಉಸಿರು ಒಳಕ್ಕೆ ಹೋದದ್ದು ಹೊರಗೆ ಬರಲಿಲ್ಲ. ಆ ಬೆಲೆಯನ್ನು ಸಂತೆಯಲ್ಲಿ ಯಾರಾದರೂ ಆಕೆಯ ಮುಂದೆ ಹೇಳಿದ್ದರೆ ಅವರ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಿತ್ತು. ಪಾಪ, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ನಾನು ಮಾಳಮ್ಮ ಹೇಳಿದಷ್ಟೂ ದುಡ್ಡನ್ನು ತೆಗೆದು ಕಂಬಳಿಯ ಮೇಲಿಟ್ಟು ಕೈ ಮುಗಿದೆ.

ರಾಟೆ ನಿಂತಿತು.

ಮಾಳಮ್ಮ ದುಡ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಹಿಡಿದು ಗೋಡೆಗೆ ಮುಖ ಮಾಡಿದ್ದ ಗಂಗತ್ತಿಯನ್ನು ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಕೂಗಿದಳು: "ಏನ್ರೀ, ಎದ್ದು ಬರ್ರಿ."

ಮಗ್ಗದ ಸದ್ದು ನಿಂತಿತು. ಬೀರಪ್ಪ ಹೊರಗೆ ಬಂದು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿಯ ಸುತ್ತ ಸೇರಿದರು. ಒಬ್ಬಳು ನನಗೆ ನೀರು ಕೊಟ್ಟಳು. ಒಬ್ಬ ಮುದುಕಿ ನನ್ನ ತಲೆ ನೇವರಿಸಿದಳು.

ನನಗೆ ಕಣ್ಣು ತುಂಬಿ ಬಂತು. ಹೌದು, ಎಂದುಕೊಂಡೆ, ಈ ಜನ ಎಷ್ಟು ವರ್ಷದಿಂದ ಕಾದಿದ್ದರೋ! ಚೌಕಾಸಿ ಮಾಡದ ಮೊದಲ ಗಿರಾಕಿ! ಇಡೀ ಓಣಿ ಕೆಲಸ ಬಿಟ್ಟು ಗೌರವ ಕೊಡುತ್ತಿದೆ. ಇಂಥ ಸಭೆ ಸಿಕ್ಕಾಗ ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಎದ್ದು ನಿಂತೆ.

"ನೀವು ಇಷ್ಟು ಪ್ರೀತಿ ತೋರಿಸಬೇಕಾಗಿಲ್ಲ," ಎಂದೆ. "ಇದು ನಮ್ಮ ಕರ್ತವ್ಯ. ಇಂಥ ವಿಷಯದಲ್ಲಿ ಬೆಲೆ ನೋಡುವವರು ಮನುಷ್ಯರೇ ಅಲ್ಲ." ಹೆಂಗಸರು ತಲೆದೂಗಿದರು. "ಈ ಕಂಬಳಿಯ ಮೇಲೆ ನಮ್ಮ ಅಕ್ಕ ಕೂರುತ್ತಾಳೆ. ಸೋಮವಾರ. ಹೂವು ಮುಡಿದು, ವಿಭೂತಿ ಧರಿಸಿ, ನೆಮ್ಮದಿಯಿಂದ ಕೂರುತ್ತಾಳೆ."

ನಮ್ಮವರಲ್ಲಿ ಸತ್ತವರನ್ನೂ ಹೀಗೆಯೇ ಹೂವು ವಿಭೂತಿ ಹಾಕಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ನನಗದು ಆಗ ಹೊಳೆಯಲಿಲ್ಲ. ಓಣಿಗೆ ಹೊಳೆಯಿತು.

"ಅಯ್ಯೋ ನನ್ನವ್ವಾ, ಎಷ್ಟು ವಯಸ್ಸಾಗಿತ್ತೇ ನಿಮ್ಮಕ್ಕಂಗೆ!" ಎಂದು ಆ ಮುದುಕಿ ಎದೆ ಬಡಿದುಕೊಂಡಳು. ನಾಲ್ಕು ಕಡೆಯಿಂದ ಅಳು ಎದ್ದಿತು. "ಸೋಮಾರದ ತನಕ ಯಾಕ ಇಟ್ಕೊಂಡಿದೀರಿ?" ಎಂದು ಯಾರೋ ಬಿಕ್ಕುತ್ತಲೇ ಕೇಳಿದರು.

ಗಂಗತ್ತಿಯ ಬಾಯಿಂದ ಸೆರಗು ಹೊರಬಿತ್ತು. "ಥೂ, ಥೂ, ಬಿಡ್ತು ಅನ್ರಿ! ಯಾರೂ ಸತ್ತಿಲ್ಲ! ಲಗ್ನ ಐತಿ! ಲಗ್ನ!"

ಅಳು ಅರ್ಧಕ್ಕೆ ನಿಂತಿತು. ಆಮೇಲೆ ಮಾಳಮ್ಮ ಹೇಳಿದಳು. ಈ ಓಣಿಯಲ್ಲಿ ಹೇಳಿದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಕಂಬಳಿ ಒಯ್ಯುವವರು ಒಂದೇ ಕೆಲಸಕ್ಕೆ ಒಯ್ಯುತ್ತಾರೆ. ಹೆಣಕ್ಕೆ ಹೊದಿಸುವ ಕಂಬಳಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

"ನಮ್ಮ ಕಡಿ ಹಂಗೇನಿಲ್ಲ," ಎಂದಳು ಗಂಗತ್ತಿ. "ನಮ್ಮ ಮಾವ ಹೋದಾಗ ನಾನು ಬಿದಿರಿಗೂ ಚೌಕಾಸಿ ಮಾಡೇನಿ."

ಮಾಳಮ್ಮ ದುಡ್ಡನ್ನು ನನ್ನ ಕೈಗೆ ವಾಪಸ್ಸಿಟ್ಟು ಕಂಬಳಿಯನ್ನು ಮಡಚಿದಳು. "ಹೆಣದ ಕಂಬಳಿ ಕೊಂಡಂಗೆ ಕೊಂಡು ಹಸೆಗೆ ಹಾಕ್ತೀರೇನವ್ವ? ನಾ ಕೊಡಲ್ಲ. ಈ ಓಣಿಯಾಗೆ ಯಾರೂ ಕೊಡಲ್ಲ."

ಮರುದಿನ, ಅದೇ ಜಗಲಿ

ರಾತ್ರಿ ಛತ್ರದಲ್ಲಿ ಕೂತು ಲೆಕ್ಕ ಹಾಕಿದ್ದೆ. ಚೌಕಾಸಿ ಮಾಡಿದರೆ ಅಪ್ಪನ ನಿಯಮ ಮುರಿಯುತ್ತದೆ. ಮಾಡದಿದ್ದರೆ ಕಂಬಳಿ ಇಲ್ಲ. ಪೇಟೆಯ ಅಂಗಡಿಯಲ್ಲಿ ಕೊಂಡರೆ ಮಾಡಿದವರ ಕೈ ತಪ್ಪುತ್ತದೆ. ಯಾವ ಕಡೆಯಿಂದ ಬಂದರೂ ಅಕ್ಕ ಅಪ್ಪನ ಅಂಗಡಿಯ ಜರಿ ಸೀರೆ ಉಟ್ಟು, ಓಲಗದ ಮುಂದೆ, ನನ್ನನ್ನು ಅದೇ ಅನುಮಾನವಿಲ್ಲದ ಕಣ್ಣಿನಿಂದ ನೋಡುತ್ತ ಕೂರುತ್ತಾಳೆ. ಉಳಿದದ್ದು ಒಂದೇ ದಾರಿ: ಮಾಳಮ್ಮನನ್ನು ವಾದದಲ್ಲಿ ಗೆಲ್ಲುವುದು.

ಬೆಳಿಗ್ಗೆ ಹೋದಾಗ ಅವಳು ನಮ್ಮನ್ನು ನೋಡಿ ಮೊದಲು ನಗಲೋ ಬೇಡವೋ ಎಂದು ಅನುಮಾನಿಸಿದಳು, ಆಮೇಲೆ ನಕ್ಕಳು. ನಾನು ಶುರುಮಾಡಿದೆ. "ನೀವು ಹೇಳಿದ ಬೆಲೆ ನಿಮ್ಮ ದುಡಿಮೆಯ ಬೆಲೆ. ಅದರಲ್ಲಿ ಒಂದು ಕಾಸು ಕಡಿಮೆ ಕೊಟ್ಟರೂ ನಿಮ್ಮ ಕೈಯಿಂದ ಕಿತ್ತುಕೊಂಡಂತೆ. ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ."

"ನಾನು ಹೇಳಿದ್ದು ಬೆಲೆ ಅಂತ ನಿನಗ್ಯಾರು ಹೇಳಿದ್ರು?" ಎಂದಳು ಮಾಳಮ್ಮ. "ಅದು ಬಾಗಿಲು ಕಣವ್ವ. ಬಾಗಿಲಾಗೆ ದುಡ್ಡು ಬಿಸಾಕಿ ಹೊರಟ್ರೆ ಹೆಂಗೆ? ಒಳಗೆ ಬರಬೇಕು, ಕುಂದರಬೇಕು, ಮಾತಾಡಬೇಕು. ಆಮ್ಯಾಲೆ ಬರತೈತೆ ಬೆಲೆ. ನಿನ್ನೆ ನೀ ಇಟ್ಟ ದುಡ್ಡು ತಗೊಂಡಿದ್ರೆ ನನಗೆ ರೊಟ್ಟಿ ಇಳೀತಿತ್ತಾ? ಅದ್ರಾಗೆ ನನ್ನದಲ್ಲದ್ದೂ ಐತೆ. ಮನಸ್ಸಾಕ್ಷಿ ನಿನಗೊಬ್ಬಳಿಗೇ ಐತೇನು?"

ಭಾಷಣವನ್ನು ಮನಸ್ಸಿನಲ್ಲೇ ಮೊದಲಿನಿಂದ ಓದಿಕೊಂಡೆ. ಅದರಲ್ಲಿ ಮಾರುವವರಿಗೆ ಕೈ ಇತ್ತು, ಬೆರಳಿತ್ತು, ಕಣ್ಣೀರಿತ್ತು. ಆತ್ಮಸಾಕ್ಷಿ ಇಡಲು ಮರೆತಿದ್ದೆ. ಆ ಪದವನ್ನು ಪೂರ್ತಿ ಕೊಳ್ಳುವವರಿಗೇ ಹಂಚಿಬಿಟ್ಟಿದ್ದೆ.

ಗಂಗತ್ತಿಯ ಕಡೆ ತಿರುಗಿ ಹೇಳಿದೆ: "ಅತ್ತಿ, ಚೌಕಾಸಿ ಮಾಡು."

ಆಕೆಯ ಮುಖದಲ್ಲಿ ಎರಡು ದಿನದ ಉಪವಾಸ ಮುರಿಯಿತು. ಸೆರಗು ಸೊಂಟಕ್ಕೆ ಬಿಗಿದಳು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಕಂಬಳಿಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವಂತೆ ಎತ್ತಿದಳು.

"ಇದೇನು ಉಣ್ಣಿ? ಗೋಣಿಚೀಲ ಇದಕ್ಕಿಂತ ಮೆತ್ತಗ ಇರತೈತಿ."

"ಗೋಣಿಚೀಲ ಅಂತೀಯಾ?" ಮಾಳಮ್ಮ ರಾಟೆಯನ್ನು ಪಕ್ಕಕ್ಕೆ ತಳ್ಳಿದಳು. "ಮರಿಗಳ ಮೊದಲ ಕತ್ತರಿ ಉಣ್ಣೆ ಅವ್ವಾ! ನನ್ನ ತಮ್ಮ ಆವರಗೆರೆ ಹೊಲದಾಗೆ ಮಂದೆ ನಿಲ್ಸಿದ್ದಾಗ ತಾನೇ ಕತ್ತರಿಸಿ ಹೊತ್ಕೊಂಡು ಬಂದಿದ್ದ. ಮುಟ್ಟಿ ನೋಡು, ಕೆನ್ನೆಗೆ ಹಚ್ಕೊಂಡು ನೋಡು."

ನನ್ನ ಹಾಳೆಯ ಮೊದಲ ಪ್ರಶ್ನೆಗೆ ಉತ್ತರ ಬಂದಿತ್ತು. ಸೀಸದಕಡ್ಡಿ ಹುಡುಕಿದೆ.

"ದಪ್ಪ ಕಾಣಲಿ ಅಂತ ಗಂಜಿ ಜಡಿದೀರಿ."

"ಗಂಜಿ ಜಡಿದಿದೀನಾ? ಹುಣಸೆ ಬೀಜ ಹುರಿದು, ನೆನೆ ಹಾಕಿ, ಬೀಸಿದ ಕೈ ಇದು. ನೋಡು ಅಂಗೈ. ಎಂಟು ದಿನ ಆತು, ಇನ್ನೂ ತುತ್ತು ಎತ್ತಿದ್ರೆ ಉರಿ."

"ನಡುವ ಒಂದು ಎಳಿ ತಪ್ಪೈತಿ ನೋಡು ಇಲ್ಲಿ. ಕುರುಡರು ನೇಯ್ದಿದ್ದೇನು?"

ಒಳಗಿನಿಂದ ಬೀರಪ್ಪನ ದನಿ ಬಂತು: "ಅದು ತಪ್ಪಲ್ಲ, ಗುರುತು! ಮೊಮ್ಮಗಳು ಹುಟ್ಟಿದ ಹೊತ್ತು. ಕೂಗು ಕೇಳಿ ಎದ್ದು ಓಡಿದೆ."

"ಎಂಥ ಓಟ ಅಂತೀಯಾ," ಎಂದಳು ಮಾಳಮ್ಮ. "ಕುಣಿಯಾಗಿಂದ ಏಳೋ ಹೊತ್ತಿಗೆ ಪಂಚೆ ಮಗ್ಗಕ್ಕೆ ಸಿಕ್ಕಿ ಅರ್ಧ ಪಂಚೆಯಾಗೆ ಬಂದ್ರು, ಮೊಮ್ಮಗಳ ಮುಖ ನೋಡಾಕೆ."

ನಿನ್ನೆ ಅತ್ತ ಹೆಂಗಸರೆಲ್ಲ ಇಂದು ನೋಡಲು ಬಂದಿದ್ದರು. ಗಂಗತ್ತಿ ಒಂದು ಮೆಟ್ಟಿಲು ಇಳಿಸಿದರೆ ಒಂದು ಪಕ್ಷ ಹೋ ಎನ್ನುತ್ತಿತ್ತು, ಮಾಳಮ್ಮ ತಡೆದು ನಿಂತರೆ ಇನ್ನೊಂದು. ಗಂಗತ್ತಿ ಎರಡು ಸಲ ಎದ್ದು ಹೊರಟಳು. ಎರಡು ಸಲವೂ ಮಾಳಮ್ಮ ಆಕೆಯ ಸೆರಗು ಹಿಡಿದು ಕೂರಿಸಿದಳು. ಒಂದು ಹಂತದಲ್ಲಿ ಗಂಗತ್ತಿ ತೀರ ಕೆಳಗೆ ಇಳಿದಳು ಎನಿಸಿ ನಾನು ಮಧ್ಯೆ ಬಾಯಿ ಹಾಕಿದೆ: "ಅತ್ತಿ, ಸಾಕು, ಅವರಿಗೆ ಅನ್ಯಾಯ ಆಗತೈತಿ."

ಮಾಳಮ್ಮ ನನ್ನ ಮೇಲೆ ರೇಗಿದಳು. "ನೀ ಸುಮ್ಕಿರು. ದೊಡ್ಡೋರು ಮಾತಾಡಾಕೆ ಹತ್ತೀವಿ."

ಬಿಸಿಲು ಜಗಲಿಯಿಂದ ಇಳಿದು ಓಣಿಗೆ ಹೋದಾಗ ಬೆಲೆ ಬಂತು. ಇಬ್ಬರೂ ಒಂದೇ ಬಾರಿಗೆ ಸುಮ್ಮನಾದರು. ಅದೇ ಬೆಲೆ ಎಂದು ಓಣಿಗೆಲ್ಲ ತಿಳಿಯಿತು. ಎಷ್ಟು ಎಂದು ಬರೆಯುವುದಿಲ್ಲ. ಅದು ಬಾಗಿಲಿನದಲ್ಲ, ಒಳಮನೆಯದು. ಮಾಳಮ್ಮ ಗಂಗತ್ತಿಯ ಅಂಗೈಗೆ ತನ್ನ ಅಂಗೈ ಹೊಡೆದು, "ಇಂಥ ಯಾಪಾರ ಮಾಡಿ ಎಷ್ಟು ವರ್ಷ ಆಗಿತ್ತೇ!" ಎಂದು ಉಸಿರುಬಿಟ್ಟಳು. ನನ್ನ ಹಾಳೆಯ ಒಂಬತ್ತನೆಯ ಪ್ರಶ್ನೆ 'ಇದನ್ನು ಮಾರುವಾಗ ನಿಮಗೆ ಸಂತೋಷವಾಯಿತೇ?' ಎಂಬುದಾಗಿತ್ತು. ಗುರುತು ಹಾಕಿದೆ. ನಿನ್ನೆ ಕೇಳಿದಾಗ ಒಂದಕ್ಕೂ ಸಿಗದ ಉತ್ತರ, ಇವತ್ತು ಕೇಳದೆ ಒಂಬತ್ತಕ್ಕೂ ಸಿಕ್ಕಿತ್ತು.

"ಲಗ್ನಕ್ಕ ಬರಬೇಕು ಮತ್ತ," ಎಂದಳು ಗಂಗತ್ತಿ, ಕಂಬಳಿಯನ್ನು ಬಗಲಿಗೆ ಏರಿಸುತ್ತ.

ಸೇತುವೆಯ ಆಚೆ, ಅಂದರೆ ಈಚೆ

ನಾಕಾದ ಗುಮಾಸ್ತ ಗುರುತು ಹಿಡಿದ. "ಪ್ರಶ್ನೆ ಏನಾದ್ವಮ್ಮ?"

"ಉತ್ತರ ತಂದಿದೀನಿ."

"ಅದಕ್ಕೂ ಸುಂಕ ಇಲ್ಲ."

ಸೇತುವೆಯ ನಡುವೆ ಗಂಗತ್ತಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ನೋಡು ನೀಲಿ. ಸಾಕ್ಷಿ ನಾನು. ಚೌಕಾಸಿ ಮಾಡಿಲ್ಲ ಅಂತ ನಿಮ್ಮಪ್ಪನ ಮುಂದ ಹೇಳಿಬಿಡ್ತೀನಿ. ಗಿರಿಜಾನ ಮುಖ ಬಾಡೂದು ಬ್ಯಾಡ."

ಗಂಗತ್ತಿಯೇ ಚೌಕಾಸಿ ಮಾಡಿಲ್ಲ ಎಂದು ಹೇಳಿದರೆ ಊರಲ್ಲಿ ಯಾರು ನಂಬುತ್ತಾರೆ ಎಂದು ಕೇಳಿದೆ. ಆದರೆ ನಿಜವಾದ ಕಾರಣ ಅದಲ್ಲ. ಆತ್ಮಸಾಕ್ಷಿಯ ಕಂಬಳಿಯನ್ನು ಸುಳ್ಳಿನಲ್ಲಿ ಸುತ್ತಿ ಒಯ್ದರೆ ಎಳೆ ತಪ್ಪುವುದು ಕಂಬಳಿಯಲ್ಲಲ್ಲ.

ಮನೆಯಲ್ಲಿ ಇದ್ದದ್ದು ಇದ್ದಂತೆ ಹೇಳಿದೆ. ಅಪ್ಪ ಕೇಳಿ ಮುಗಿಸಿ ಒಂದೇ ಮಾತು ಅಂದ: "ಹಂಗಾರ ಸೋತಿ."

"ಸೋತೆ."

ಅಕ್ಕ ನನ್ನ ಕೈಯ ಹಾಳೆ ತೆಗೆದುಕೊಂಡು ಒಂದೊಂದೇ ಪ್ರಶ್ನೆ ಓದಿದಳು, ನಾನು ಹೇಳುತ್ತ ಹೋದೆ. ಆವರಗೆರೆಯ ಮಂದೆ, ಉರಿಯುವ ಅಂಗೈ, ಮೊಮ್ಮಗಳ ಕೂಗು, ಅರ್ಧ ಪಂಚೆ. ಅಪ್ಪ ಅಂಗಡಿಗೆ ಹೊರಟವನು ಹೊಸ್ತಿಲಲ್ಲೇ ನಿಂತ. ವಾಪಸ್ಸು ಬಂದು ಕಂಬಳಿ ಬಿಚ್ಚಿ, ಅರಿವೆ ವ್ಯಾಪಾರಿಯ ಬೆರಳಿನಿಂದ ಆ ತಪ್ಪಿದ ಎಳೆಯನ್ನು ಹುಡುಕಿ ಹಿಡಿದ. ಆಮೇಲೆ ಗಂಗತ್ತಿಯನ್ನು ಕೇಳಿದ: "ಅಕ್ಕಾ, ಆಕಿ ಎಷ್ಟಕ್ಕ ಶುರು ಮಾಡಿದ್ಲು?"

ಗಂಗತ್ತಿ ಇಡೀ ಚೌಕಾಸಿಯನ್ನು ಎರಡೂ ದನಿಯಲ್ಲಿ ಆಡಿ ತೋರಿಸಿದಳು. ಅಪ್ಪ ತೊಡೆ ತಟ್ಟಿಕೊಂಡು ಕೇಳಿದ. ಮುಗಿದ ಮೇಲೆ ತೀರ್ಪು ಬಂತು. "ನಿಯಮದ ಪ್ರಕಾರ ನೀಲಿ ಸೋತಾಳ. ಅದಕ್ಕ ಪೆಂಡಾಲು ನಂದು, ಓಲಗ ನಂದು." ಕಂಬಳಿಯನ್ನು ಮಡಚಿ ಅಕ್ಕನ ಮಡಿಲಿಗೆ ಇಟ್ಟ. "ನನ್ನ ಅಂಗಡ್ಯಾಗ ಅಷ್ಟು ಥಾನು ಅದಾವು. ಒಂದರ ಕತಿನೂ ನನಗ ಗೊತ್ತಿಲ್ಲ. ಗಿರಿಜಾ, ನಾಳೆ ನೇಕಾರರ ಓಣಿಗೆ ಹೋಗೂಣು. ಸೀರಿ ನಿನ್ನ ಮನಸ್ಸಿಂದು. ಆದ್ರ ಚೌಕಾಸಿ ಮಾಡಾಂವ ನಾನು."

ಅಕ್ಕ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳು.

ಸೋಮವಾರ ಮಾಳಮ್ಮ ಮತ್ತು ಬೀರಪ್ಪ ಹೊಳೆ ದಾಟಿ ಬಂದರು. ನಮ್ಮ ಪೆಂಡಾಲಿಗೆ ಬಂದ ವಿದೇಶಿ ಅತಿಥಿಗಳು ಅವರಿಬ್ಬರೇ. ಬೀರಪ್ಪ ಹಸೆಯ ಕೆಳಗಿನ ಕಂಬಳಿಯಲ್ಲಿ ತನ್ನ ಗುರುತನ್ನು ಹುಡುಕಿ, ಸಿಕ್ಕಿದ ಮೇಲೆ ಊಟಕ್ಕೆ ಕೂತ. ಮಾಳಮ್ಮ ಅಕ್ಕನ ಕೈಮಗ್ಗದ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು, ಮೆಲ್ಲಗೆ ಬೆಲೆ ಕೇಳಿದಳು. ಅಕ್ಕ ಹೇಳಿದಳು.

"ಯಾರು ಚೌಕಾಸಿ ಮಾಡಿದ್ದು?"

"ನಾನೇ," ಎಂದ ಅಪ್ಪ, ಪೇಟ ಸರಿಮಾಡಿಕೊಳ್ಳುತ್ತ.

ಮಾಳಮ್ಮ ಅವನನ್ನು ಕನಿಕರದಿಂದ ನೋಡಿದಳು. "ನಿಮ್ಮಕ್ಕನ್ನ ಕಳಿಸಬೇಕಿತ್ತು, ಸಾವ್ಕಾರ್ರೆ."